ಮೆಟ್ಟಿಲು ಹತ್ತಿ ಬಂದ ರಿಪೋರ್ಟು

ಮಾರ್ಚ್ ೧೧, ಬುಧವಾರ

ಒಳ್ಳೆಯ ರಿಪೋರ್ಟಾದರೆ ನಮ್ಮ ಲ್ಯಾಬಿನ ಹಿರಿಯಕ್ಕ ಅದನ್ನು ಆಯಾ ಕೈಲಿ ಕಳಿಸುತ್ತಾಳೆ, ಕೆಟ್ಟದ್ದಾದರೆ ತಾನೇ ಮೆಟ್ಟಿಲು ಹತ್ತಿ ತರುತ್ತಾಳೆ. ಇವತ್ತು ನಾನೇ ರೋಗಿಯಾಗಿ ಮಲಗಿರುವ ವಾರ್ಡಿನ ಬಾಗಿಲಲ್ಲಿ ಅವಳನ್ನು ಕಂಡಾಗಲೇ ಗೊತ್ತಾಯಿತು.

ರೋಗಿಯ ಬೆನ್ನುಮೂಳೆಯಿಂದ ಸೂಜಿಯಲ್ಲಿ ತೆಗೆದ ನೀರಿಗೆ ಕಪ್ಪು ಶಾಯಿ ಬೆರೆಸಿ ಸೂಕ್ಷ್ಮದರ್ಶಕದಲ್ಲಿ ನೋಡುವುದು ಇಷ್ಟು ವರ್ಷ ನನ್ನದೇ ಕೆಲಸ. ಕಪ್ಪಿನ ನಡುವೆ ಬೆಳ್ಳಗೆ ಉಂಗುರಗಳು ಹೊಳೆದರೆ ಮಿದುಳಿಗೆ ಶಿಲೀಂಧ್ರ ತಗುಲಿದೆ ಎಂದರ್ಥ. ಇವತ್ತು ಅವಳು ನೋಡಿದ್ದು ನನ್ನದೇ ನೀರು.

"ಎಷ್ಟಿದ್ವು ಅಕ್ಕಾ?" ಎಂದೆ.

"ಎಣಿಸೋಕೆ ಹೋಗ್ಲಿಲ್ಲ ಕಣೇ," ಎಂದು ಕಿಟಕಿಯತ್ತ ತಿರುಗಿದಳು.

ತಲೆನೋವು, ವಾಂತಿ ಎಲ್ಲವನ್ನೂ ಬಸಿರಿನ ತಲೆಗೇ ಕಟ್ಟಿದ್ದೆವು. "ನಿನ್ನ ಹೊತ್ತಾಗ ನಂಗೂ ಹೀಗೇ ಆಗ್ತಿತ್ತು" ಎನ್ನುತ್ತಿದ್ದಳು ಅಮ್ಮ. ನಾನೂ ನಂಬಿದೆ, ಈ ಕೆಲಸದವಳಾಗಿಯೂ.

ಬಸಿರು ಇನ್ನೂ ಎಳೆಯದು, ಮಾತ್ರೆ ಬೇಡ, ಔಷಧವನ್ನು ಡ್ರಿಪ್ಪಿನಲ್ಲೇ ಕೊಡೋಣ ಎಂದರು ಡಾಕ್ಟರು. ಮಗುವಿಗೇನಾಗುತ್ತದೆ ಎಂದು ಕೇಳಿದರೆ, "ಮೊದಲು ನೀವು ಉಳೀಬೇಕಲ್ಲಮ್ಮ" ಎಂದರು. ಅದು ಉತ್ತರವಲ್ಲ.

ಸಂಜೆ ಔಷಧ ಇಳಿಯುತ್ತಿದ್ದಂತೆ ಚಳಿ ಹತ್ತಿ ಹಲ್ಲು ಕಟಕಟ ಎಂದವು. ಔಷಧಕ್ಕೆ ಹಾಗಾಗುತ್ತದಂತೆ. ಆ ಚಳಿ ಬಿಟ್ಟು ಬಹಳ ಹೊತ್ತಾಯಿತು. ಎಡಗೈ ಹೊಟ್ಟೆಯ ಮೇಲಿಟ್ಟುಕೊಂಡೇ ಬರೆಯುತ್ತಿದ್ದೇನೆ.

ಈಗ ತಾನೇ ಕೈಯಡಿ ಏನೋ ಅದುರಿತು. ನಾನಂತೂ ನಡುಗುತ್ತಿಲ್ಲ. ಒದೆಯುವ ತಿಂಗಳು ಇನ್ನೂ ಬಂದಿಲ್ಲ, ಆದರೂ ಮಗು ಒದ್ದಿತು ಎಂದೇ ಅಂದುಕೊಂಡು ಮಲಗುತ್ತೇನೆ.