ಹೊಟ್ಟೆ ಹೇಗಿದೆಯಮ್ಮ?

ಮಾಲೂರು, 9 ಜೂನ್ 1941
ಇವತ್ತೂ ಬೆಳಕು ಹರಿಯುವ ಮೊದಲೇ ಚೆಂಬು ಹಿಡಿದು ಬಯಲಿಗೆ ಹೋಗಿಬಂದೆ. ಸ್ಕೂಲಿಗೆ ಹೊರಡುವಾಗ ಮತ್ತೆ. ಯುಗಾದಿ ಆದಾಗಿನಿಂದ ಇದೇ ಭೇದಿ. ಯಾರಿಗೂ ಹೇಳಿಲ್ಲ. ಟೀಚರಮ್ಮ ಅನ್ನಿಸಿಕೊಂಡವಳು ಏನೆಂದು ಹೇಳಲಿ... ಮಧ್ಯಾಹ್ನದ ಊಟ ಬಿಟ್ಟರೆ ಕ್ಲಾಸಿನಲ್ಲಿ ಧೈರ್ಯವಾಗಿ ನಿಲ್ಲಬಹುದು.

14 ಜೂನ್
ಎದೆಬಡಿತ ಇವತ್ತು ಮತ್ತೆ ತಪ್ಪಿತು. ಒಂದೆರಡು ಬಡಿತ, ಆಮೇಲೆ ಏನೂ ಇಲ್ಲ, ಆಮೇಲೆ ಕೆರೆಯಿಂದ ಎತ್ತಿದ ಮೀನಿನ ಹಾಗೆ ಒದ್ದಾಟ. ಬೋರ್ಡಿನ ಮೇಲೆ ಬರೆಯುತ್ತಿದ್ದವಳು ಹಾಗೇ ಕೆಳಗೆ ಕೂತೆ. ಮಕ್ಕಳು ನಗಲಿಲ್ಲ. ಅದೇ ಹೆಚ್ಚು ಅವಮಾನ.

16 ಜೂನ್
ಯಜಮಾನರು ಆಸ್ಪತ್ರೆಗೆ ಕರೆದೊಯ್ದರು. ಡಾಕ್ಟರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು.
"ಬಡಿತ ತಪ್ಪಿ ತಪ್ಪಿ ಬರ್ತಿದೆ. ಹೊಟ್ಟೆ ಹೇಗಿದೆಯಮ್ಮ? ಭೇದಿ ಏನಾದ್ರೂ?"
ಪಕ್ಕದಲ್ಲೇ ಯಜಮಾನರು. ಕಾಂಪೌಂಡರ್ ಬೇರೆ.
"ಇಲ್ಲ ಸಾರ್" ಅಂದೆ.
ಎದೆಗೆಂದು ಹನಿ ಔಷಧಿ ಕೊಟ್ಟರು.

25 ಜೂನ್
ಔಷಧಿ ಕುಡಿದಷ್ಟೂ ಕೆಡುತ್ತಿದೆ. ವಾಂತಿ ಬೇರೆ. ಎದೆಗೆ ತಾಳವೇ ಇಲ್ಲ. ಯಜಮಾನರು ತಲೆ ಒತ್ತುತ್ತಾರೆ—ಅವರ ಮುಖ ನೋಡಲಾರೆ. ಈಗ ಹೇಳಿದರೆ, ಆಗ ಯಾಕೆ ಸುಳ್ಳು ಹೇಳಿದೆ ಅನ್ನುತ್ತಾರೆ.

3 ಜುಲೈ
ಇಷ್ಟು ದಿನ ಬರೆಯಲು ಕೈ ಏಳಲಿಲ್ಲ. ಹೋದ ವಾರ ಅಡಿಗೆಮನೆಯಲ್ಲಿ ಬಿದ್ದೆ. ಕಣ್ಣು ಬಿಟ್ಟಾಗ ಡಾಕ್ಟರು ಮಂಚದ ಪಕ್ಕ ಕೂತಿದ್ದರು. ಬಾಗಿಲಲ್ಲಿ ನಿಂತಿದ್ದ ಅತ್ತೆ, ಮಗನ ಮುಂದೆಯೇ ಅಂದರು:
"ಹಬ್ಬದಿಂದ ಇವಳಿಗೆ ಭೇದಿ ಸಾರ್. ಬೆಳಕಾಗೋಕೆ ಮುಂಚೆ ಬಯಲಿಗೆ ಓಡ್ತಾಳೆ. ಸಿಗ್ಗು ಪಡ್ತಾಳೆ ಅಂತ ನಾನೂ ಸುಮ್ನಿದ್ದೆ. ತಪ್ಪು ನಂದೂ ಐತೆ."
ಹೊದಿಕೆ ಮುಖದ ಮೇಲೆ ಎಳೆದುಕೊಂಡೆ.
ಡಾಕ್ಟರು ಔಷಧಿ ಸೀಸೆ ಎತ್ತಿ ಆಚೆಗಿಟ್ಟರು. "ಭೇದಿಲಿ ಮೈಯಲ್ಲಿರೋ ಲವಣ ಎಲ್ಲ ಹರಿದುಹೋಗುತ್ತೆ. ಅದಿಲ್ದೆ ಎದೆ ತಪ್ಪುತ್ತೆ. ಅಂಥೋರಿಗೆ ಈ ಔಷಧಿ ವಿಷ. ಹೇಳಿದ್ರೆ ನಾನು ಕೊಡ್ತಾನೇ ಇರ್ಲಿಲ್ಲ ಕಣಮ್ಮ."
ಬೈದಿದ್ದರೆ ಚೆನ್ನಾಗಿತ್ತು.

11 ಜುಲೈ, ಸಂಜೆ
ಭೇದಿಗೆ ಬೇರೆ ಔಷಧಿ, ಎಳನೀರು, ಗಂಜಿ. ಇವತ್ತು ಎದೆ ಒಮ್ಮೆಯೂ ತಪ್ಪಲಿಲ್ಲ.
ಪಕ್ಕದ ಮನೆಯ ಮುನಿಗಂಗಮ್ಮ ಜಗುಲಿಯಲ್ಲಿ ಕೂತಿದ್ದಾಗಲೇ ಅತ್ತೆ ಕೇಳಿಬಿಟ್ಟರು. "ಇವತ್ತು ಎಷ್ಟು ಸಲ ಹೋದ್ಯೇ?"
ಕಿವಿ ಬಿಸಿಯಾಯಿತು. ಆದರೂ ಹೇಳಿದೆ. "ಒಂದೇ ಸಲ ಅತ್ತೆ."
ಮುನಿಗಂಗಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ಹತ್ತಿರ ಸರಿದರು. "ನಮ್ಮ ಹುಡುಗೀನೂ ಎದೆ ಹಾರುತ್ತೆ ಅಂತಾಳಮ್ಮ. ಹೊಟ್ಟೆ ವಿಷಯ ಕೇಳಿದ್ರೆ ಮಾತ್ರ ಬಾಯೇ ಬಿಡಲ್ಲ."
ನಾಳೆ ಆ ಹುಡುಗಿಯ ಹತ್ತಿರ ಕೂರಬೇಕು. ಮೊದಲು ನನ್ನದನ್ನೇ ಹೇಳಬೇಕು. ಹೇಗೆ ಶುರು ಮಾಡಲಿ... ನೋಡಮ್ಮ, ನನಗೂ—