ಒಂದು ಲೋಟ ಬುಗ್ಗೆ ನೀರಿನ ಬಿಡುಗಡೆ ಕುರಿತು

ಮಾನ್ಯ ಪಾರ್ಸೆಲ್ ತಪಾಸಣಾಧಿಕಾರಿಗಳೇ,

ಎರಡು ಬಾಟಲಿ ನೀರನ್ನು ನೀವು ತಡೆದಿಟ್ಟು ಇವತ್ತಿಗೆ ನಲವತ್ತೊಂದು ದಿನ. ನಿಮಗೆ ಅರ್ಥವಾಗುವ ಭಾಷೆಗಳಲ್ಲಿ ಐದು ಅರ್ಜಿ ಬರೆದಾಯಿತು, ನೇರ ಉತ್ತರವಿಲ್ಲ. ಆರನೆಯದನ್ನು ನನಗೆ ಅರ್ಥವಾಗುವ ಭಾಷೆಯಲ್ಲಿ ಬರೆದು ನಮ್ಮ ಕನ್ನಡ ಸಂಘದ ಪತ್ರಿಕೆಗೆ ಕೊಡುತ್ತಿದ್ದೇನೆ. ನೀವು ಓದುವುದಿಲ್ಲ ಎಂಬ ವಿಷಯದಲ್ಲಿ ಮೊದಲಿನ ಐದಕ್ಕೂ ಇದಕ್ಕೂ ವ್ಯತ್ಯಾಸವೇನೂ ಇಲ್ಲ.

ದೋಹಾದ ನಜ್ಮಾದಲ್ಲಿ ನನ್ನ ಟೈಪಿಂಗ್ ಅಂಗಡಿಯ ಮಹಡಿಯ ಮೇಲೆ ಲಿನ್ ಎಂಬ ಚೀನೀ ಹೆಂಗಸು ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಅವಳ ತಂದೆ ಹಾಂಗ್‌ಝೌ ಊರಿನ ಚಹಾಮನೆಯೊಂದರಲ್ಲಿ ನಲವತ್ತು ವರ್ಷ ಚಹಾ ಮಾಡಿದವರು. ಆ ಊರಿನ ಗುಡ್ಡದಲ್ಲಿ ಹುಪಾವ್ ಎಂಬ ಬುಗ್ಗೆಯಿದೆ. ಹುಲಿಗಳು ನೆಲ ಕೆರೆದಾಗ ಉಕ್ಕಿತೆಂದು ಕಥೆ. ಒಳ್ಳೆಯ ಚಹಾಕ್ಕೆ ಅಲ್ಲಿಯವರಿಗೆ ಆ ನೀರೇ ಆಗಬೇಕು. ಮಗಳ ಮನೆಗೆ ಬಂದ ಮುದುಕರಿಗೆ ಈಗ ಹೊಟ್ಟೆಯ ಕ್ಯಾನ್ಸರ್, ಊರಿಗೆ ಒಯ್ಯುವ ಸ್ಥಿತಿ ದಾಟಿದೆ. ಸಮುದ್ರದ ಉಪ್ಪು ತೆಗೆದ ಇಲ್ಲಿನ ನೀರಿನ ಚಹಾವನ್ನು ಅವರು ಮೂಸಿ ಪಕ್ಕಕ್ಕಿಡುತ್ತಾರೆ. ಕಣ್ಣು ಮುಚ್ಚುವ ಮುಂಚೆ ಆ ಬುಗ್ಗೆಯ ನೀರಿನಲ್ಲಿ ಒಂದು ಲೋಟ ಚಹಾ ಬೇಕೆಂದರು. ಊರಿನಲ್ಲಿದ್ದ ಲಿನ್‌ಳ ತಮ್ಮ ನೀರು ಕಳಿಸಿದ.

ಇನ್ನು ನನ್ನ ತಪ್ಪು. ಲಿನ್ ಪರವಾಗಿ ಫಾರಂ ತುಂಬಿದವನು ನಾನೇ. ವಸ್ತು ಏನು ಎಂಬಲ್ಲಿ ಬರೀ ನೀರು ಎಂದರೆ ಯಾರು ಮರ್ಯಾದೆ ಕೊಡುತ್ತಾರೆ ಅನ್ನಿಸಿತು. ನಮ್ಮ ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಹೆಂಡತಿ ರೆಜಿನಾ ವೇಳಾಂಕಣಿ ಚರ್ಚಿನಿಂದ ತಂದ ನೀರನ್ನು ಹಣೆಗೆ ಹಚ್ಚುತ್ತಾಳೆ. ಅದೇ ಅಭ್ಯಾಸದಲ್ಲಿ ‘ಹೋಲಿ ವಾಟರ್’ ಎಂದು ಟೈಪ್ ಮಾಡಿಬಿಟ್ಟೆ. ನಿಮ್ಮ ಕೌಂಟರಿನಲ್ಲಿರುವ ನಮ್ಮ ಮಂಗಳೂರು ಕಡೆಯ ಇರ್ಷಾದ್ ಹಣೆ ಚಚ್ಚಿಕೊಂಡ.

“ಎಂತ ಮಾರಾಯ್ರೆ, ಬರೀ ವಾಟರ್ ಅಂತ ಹಾಕಿದ್ರೆ ಅವತ್ತೇ ಬಿಡ್ತಿದ್ರು. ಹೋಲಿ ಅಂತ ಬರ್ದದ್ದು ಯಾಕೆ? ಈಗ ಫೈಲ್ ಧಾರ್ಮಿಕ ವಸ್ತುಗಳ ಸೆಕ್ಷನ್ನಿಗೆ ಹೋಯ್ತು. ಖಲಾಸ್!”

ತಪ್ಪೊಪ್ಪಿಕೊಂಡು ತಿದ್ದುಪಡಿ ಕೊಟ್ಟೆ. ನೀರು ಪವಿತ್ರವಲ್ಲ ಎಂಬುದಕ್ಕೆ ಪ್ರಮಾಣಪತ್ರ ತರಲು ಹೇಳಿದಿರಿ. ಯಾವ ಬಿಷಪ್ ಕೊಡುತ್ತಾರೆ ಸ್ವಾಮಿ ಅದನ್ನು? ಎಕ್ಸ್‌ಪೈರಿ ಡೇಟ್ ಎಲ್ಲಿ ಎಂದಿರಿ. ಸಾವಿರ ವರ್ಷದಿಂದ ಉಕ್ಕುತ್ತಿರುವ ಬುಗ್ಗೆಯನ್ನು ಹೋಗಿ ಕೇಳಲೇ? ಕಳೆದ ವಾರ ಒಂದು ಬಾಟಲಿ ಪರೀಕ್ಷೆಗೆ ಹೋಗಿ ವರದಿ ಬಂತು: ‘ನೀರು ಶುದ್ಧ, ಕುಡಿಯಲು ಯೋಗ್ಯ. ಮಾದರಿಯು ಪರೀಕ್ಷೆಯಲ್ಲಿ ಪೂರ್ತಿ ಬಳಕೆಯಾಗಿದೆ.’ ನಗಬೇಕೋ ಅಳಬೇಕೋ ತಿಳಿಯದೆ ಅದನ್ನು ಲಿನ್‌ಗೆ ಓದಿ ಹೇಳಿದೆ.

“ಅಂಕಲ್, ಪಪ್ಪಾ ಅಬ್ ಪೂಛ್ತಾ ಭೀ ನಹೀ,” ಎಂದಳು. ನೀರು ಬಂತೇ ಎಂದು ಕೇಳುವುದನ್ನೂ ಅವರು ಬಿಟ್ಟಿದ್ದಾರಂತೆ. ನನಗೆ ಅವಳ ಮುಖ ನೋಡಲು ನಾಚಿಕೆಯಾಯಿತು.

ಉಳಿದಿರುವುದು ಒಂದು ಬಾಟಲಿ. ಈ ಗುರುವಾರದೊಳಗೆ ಬಿಡುಗಡೆ ಮಾಡಿ. ತಪ್ಪು ಬರೆದದ್ದಕ್ಕೆ ಶಿಕ್ಷೆ ಏನಿದ್ದರೂ ನನಗಿರಲಿ. ಇಡೀ ಬಾಟಲಿಗೆ ನಿಯಮ ಅಡ್ಡ ಬಂದರೆ ಒಂದು ಲೋಟ ಅಳೆದು ಕೊಟ್ಟು ಮಿಕ್ಕದ್ದನ್ನು ನೀವೇ ಇಟ್ಟುಕೊಳ್ಳಿ. ಲೋಟವೂ ಹೆಚ್ಚಾಯಿತೇನೋ. ನಿನ್ನೆಯಿಂದ ಅವರು ನುಂಗುತ್ತಿರುವುದು ಎರಡು ಚಮಚ ಮಾತ್ರ.

ಇಂತಿ,
ಹತ್ತೊಂಬತ್ತು ವರ್ಷ ಊರವರ ಅರ್ಜಿಗಳಿಗೆಲ್ಲ ‘ತಮ್ಮ ವಿಧೇಯ’ ಎಂದು ಟೈಪ್ ಮಾಡಿ, ತನ್ನದಕ್ಕೆ ಹಾಗೆ ಬರೆಯಲು ಇವತ್ತು ಕೈ ಬಾರದ
ಕಾಸ್ಮಿರ್ ಮಿನೇಜಸ್
ನಜ್ಮಾ, ದೋಹಾ
ನವೆಂಬರ್ 2006