ನರ್ಸಮ್ಮನ ಫೋನು

ಹಾಸ್ಟೆಲ್,
ಭಾನುವಾರ, ಮಾರ್ಚ್ ೯

ಪ್ರೀತಿಯ ಅತ್ತೆ,

ನಿಮ್ಮ ಸೊಸೆಯ ನಮಸ್ಕಾರ. ಮಂಡಿ ನೋವು ಹೇಗಿದೆ? ನೆಲದ ಮೇಲೆ ಕೂತು ತರಕಾರಿ ಹೆಚ್ಚಬೇಡಿ ಎಂದು ನಾನು ಹೇಳಿದ್ದು, ನೀವು ಹೂಂ ಅಂದು ಅಲ್ಲೇ ಕೂತು ಹೆಚ್ಚುತ್ತಿರುವುದು, ಎರಡೂ ನನಗೆ ಗೊತ್ತು. ನಾನು ಚೆನ್ನಾಗಿದ್ದೇನೆ. ಫೋನಿರುವಾಗ ಕಾಗದ ಯಾಕೆ ಅನ್ನುತ್ತೀರಿ. ಫೋನು ಮಾಡಿದರೆ ನಿಮ್ಮ ಮಗ ಸ್ಪೀಕರ್ ಹಾಕಿಬಿಡುತ್ತಾರೆ, ಮನೆಮಂದಿಯೆಲ್ಲ ಒಟ್ಟಿಗೆ ಮಾತಾಡುತ್ತೀರಿ. ಇಟ್ಟ ಮೇಲೆ ಯಾರ ಹತ್ತಿರವೂ ಮಾತಾಡಿದ ಹಾಗಿರುವುದಿಲ್ಲ.

ಇವತ್ತು ಹಾಸ್ಟೆಲ್ ಖಾಲಿ. ಹತ್ತಿರದವರೆಲ್ಲ ಮನೆಗೆ ಹೋಗಿದ್ದಾರೆ. ಮೆಸ್ಸಿನ ಉದ್ದನೆಯ ಮೇಜಿಗೆ ನಾನೊಬ್ಬಳೇ. ಬಡಿಸುವಾಕೆ, "ಇನ್ನೊಂಚೂರು ಹಾಕ್ಲಾ?" ಎಂದು ಮತ್ತೆ ಮತ್ತೆ ಕೇಳಿದಳು. ಹಸಿವಿರಲಿಲ್ಲ, ಆದರೂ ಹಾಕಿಸಿಕೊಂಡೆ. ಕೇಳುವವರು ಒಬ್ಬರಾದರೂ ಇದ್ದಾರಲ್ಲ ಎಂಬ ಸಮಾಧಾನಕ್ಕೆ.

ಮೊನ್ನೆ ನರ್ಸಿಂಗ್ ತರಗತಿಯಲ್ಲಿ ಜಗತ್ತನ್ನು ಕಾಡುತ್ತಿರುವ ಆರೋಗ್ಯ ಸಮಸ್ಯೆಗಳ ಬಗ್ಗೆ ಒಬ್ಬೊಬ್ಬರೂ ಮಾತಾಡಬೇಕಿತ್ತು. ಒಬ್ಬಳು ಸೊಳ್ಳೆಯಿಂದ ಬರುವ ಜ್ವರಗಳನ್ನು ಹಿಡಿದಳು, ಇನ್ನೊಬ್ಬಳು ಔಷಧಿಗೆ ಬಗ್ಗದ ಕ್ಷಯವನ್ನು. ನನ್ನ ಪಾಲಿಗೆ ಬಂದದ್ದು ನರ್ಸುಗಳ ಕೊರತೆ. ಬಡ ದೇಶದ ನರ್ಸುಗಳು ಸಂಬಳ ಹೆಚ್ಚಿರುವ ಕಡೆ ಹೋಗುತ್ತಾರೆ, ಅವರು ಬಿಟ್ಟು ಹೋದ ವಾರ್ಡಿನಲ್ಲಿ ರೋಗಿಗೆ ನೀರು ಕುಡಿಸಲೂ ಜನವಿಲ್ಲ. ನಕ್ಷೆಯ ಮೇಲೆ ಬಾಣದ ಗುರುತು ಹಾಕಿ ಚೆನ್ನಾಗಿಯೇ ಹೇಳಿದೆ. ಕೊನೆಗೆ ಹಿಂದಿನ ಬೆಂಚಿನವಳೊಬ್ಬಳು, "ಹೋದವರ ಮಕ್ಕಳನ್ನ ಯಾರು ನೋಡ್ಕೋತಾರೆ?" ಎಂದಳು. ಕುಟುಂಬದ ಹಿರಿಯರು ಎಂದೆ. ಮೇಡಂ ಸರಿ ಎಂಬಂತೆ ತಲೆಯಾಡಿಸಿದರು. ಹೇಳುವುದು ವೇದಾಂತ, ತಿನ್ನುವುದು ಬದನೆಕಾಯಿ. ನಾಲ್ಕು ವರ್ಷದ ಮಗಳನ್ನು ನಿಮ್ಮ ಮಡಿಲಿಗೆ ಹಾಕಿ ಬಂದವಳು ನಾನೇ ಎಂದು ಅಲ್ಲಿ ಯಾರಿಗೂ ಗೊತ್ತಿಲ್ಲ.

ಆ ಸಂಜೆಯೇ ಪುಟ್ಟಿಗೆ ಫೋನು ಮಾಡಿದ್ದು. ದಿನಾ ವಾರ್ಡಿನಲ್ಲಿ ರೋಗಿಗಳನ್ನು ಕೇಳಿ ಕೇಳಿ ಬಾಯಿಗೆ ಅದೇ ಬಂತು. ಜ್ವರ ಇದೆಯಾ, ಊಟ ಸೇರುತ್ತಾ, ನಿದ್ದೆ ಬಂತಾ, ಬೆಳಿಗ್ಗೆ ಮೋಷನ್ ಸರಿಯಾಗಿ ಆಯ್ತಾ. ಪಾಪ, ಎಲ್ಲಕ್ಕೂ ಜಾಣೆಯ ಹಾಗೆ ಉತ್ತರ ಕೊಟ್ಟು, "ಅಜ್ಜೀ, ನರ್ಸಮ್ಮ ಫೋನ್ ಮಾಡಿದಾರೆ, ತಗೋ" ಎಂದು ನಿಮ್ಮ ಕೈಗಿತ್ತಳು. ನಿಮ್ಮ ಮಗ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ನೀವು ಮಾತ್ರ ನಗಲಿಲ್ಲ. ಅಷ್ಟು ಮರ್ಯಾದೆ ಕೊಟ್ಟಳಲ್ಲ ಅತ್ತೆ, ಹೆತ್ತವಳಿಗೆ ಯಾವ ಮಗು ಮರ್ಯಾದೆ ಕೊಡುತ್ತದೆ? ಫೋನು ಇಟ್ಟ ಮೇಲೆ ಬಾಗಿಲು ಹಾಕಿಕೊಂಡೆ. ಅಳು ಬಂದರೆ ಕೇಳುವವರಿಲ್ಲದ ಕೋಣೆಯಲ್ಲಿ ಅಳುವುದೂ ಒಂದು ಬೇಜಾರಿನ ಕೆಲಸ.

ಮಾವನವರಿಗೆ ನಮಸ್ಕಾರ ತಿಳಿಸಿ. ಪುಟ್ಟಿಗೊಂದು ಮುತ್ತು. ಕೊಡುವಾಗ ಅಮ್ಮ ಕಳಿಸಿದ್ದು ಅಂತ ಹೇಳಿಯೇ ಕೊಡಿ.

ಸದಾ ನಿಮ್ಮ ಪ್ರೀತಿ ಬೇಡುವ,
ಸೊಸೆ

ವಿ.ಸೂ.: ಮುಖ್ಯವಾದದ್ದನ್ನೇ ಬಿಟ್ಟೆ. ಪರೀಕ್ಷೆ ಮುಗಿದ ಮೇಲೆ ಎರಡು ವರ್ಷ ಹೊರದೇಶದ ಆಸ್ಪತ್ರೆಗೆ ಹೋಗಲು ನನ್ನನ್ನು ಆರಿಸಿದ್ದಾರೆ. ಈ ತಿಂಗಳೊಳಗೆ ಒಪ್ಪಿಗೆ ಹೇಳಬೇಕು. ಇಲ್ಲಿ ಎಲ್ಲರೂ ಕೈಕುಲುಕುತ್ತಿದ್ದಾರೆ, ನಿಮ್ಮ ಮಗನಿಗೆ ಇನ್ನೂ ಹೇಳಿಲ್ಲ. "ಮಗೂನ ನಾನು ನೋಡ್ಕೋತೀನಿ, ನೀನು ಹೋಗಮ್ಮ" ಅಂತ ನೀವು ಅನ್ನುತ್ತೀರಿ, ನನಗೆ ಗೊತ್ತು. ಈ ಸಲ ಹಾಗನ್ನಬೇಡಿ. "ಇನ್ನು ನನ್ನ ಕೈಲಾಗದು" ಎಂದು ಒಂದು ಸುಳ್ಳು ಹೇಳಿಬಿಡಿ ಅತ್ತೆ, ನಾನು ಮನೆಗೆ ಬರುತ್ತೇನೆ.